ಆರು ನಿಮಿಷದ ಅಖಾಡ

ಕುಸ್ತಿ ಎಂದೊಡನೆ ನಮಗೆ ನೆನಪಾಗುವುದು ಕೆಮ್ಮಣ್ಣಿನ ಗರಡಿಮನೆ, ಗೋಡೆಯ ಮೇಲಿನ ಹನುಮಂತನ ಪಟ, ಮೂಲೆಗೆ ಒರಗಿಸಿಟ್ಟ ಗದೆ, ತೊಡೆ ತಟ್ಟಿ ನಿಂತ ಪೈಲ್ವಾನರು. ಮೈಸೂರಿನ ದಸರಾ ಕುಸ್ತಿಯನ್ನೋ ಊರ ಜಾತ್ರೆಯ ಕುಸ್ತಿಯನ್ನೋ ನಮ್ಮಲ್ಲಿ ಅನೇಕರು ನೋಡಿದ್ದೇವೆ. ಇದೇ ಕುಸ್ತಿ ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳ ಆಟ, ಅದರ ರಾಜ್ಯಮಟ್ಟದ ಪಂದ್ಯಾವಳಿಯನ್ನು ನೋಡಲು ಸಾವಿರಾರು ಜನ ಟಿಕೆಟ್ ಕೊಂಡು ಕೂರುತ್ತಾರೆ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಸೋಜಿಗವೆನಿಸಬಹುದು.

ಅಲ್ಲಿ ಕುಸ್ತಿ ಚಳಿಗಾಲದ ಆಟ. ಹೊರಗೆ ಹಿಮ ಬೀಳುತ್ತಿರುವ ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಶಾಲಾ ಕುಸ್ತಿಯ ರಾಜ್ಯ ಪಂದ್ಯಾವಳಿ ನಡೆಯುತ್ತದೆ. ಇದರಲ್ಲಿ ಹೆಚ್ಚು ಹೆಸರಾದದ್ದು ಅಯೋವಾ ರಾಜ್ಯ. ಮೆಕ್ಕೆಜೋಳದ ಹೊಲಗಳಿಗೆ ಪ್ರಸಿದ್ಧವಾದ ಈ ರಾಜ್ಯದಲ್ಲಿ ಮೊದಲ ಪಂದ್ಯಾವಳಿ ನಡೆದದ್ದು 1921ರಲ್ಲಿ, ಏಮ್ಸ್ ಪಟ್ಟಣದಲ್ಲಿ. ಈಗ ರಾಜಧಾನಿ ಡಿಮಾಯ್ನ್‌ನ ದೊಡ್ಡ ಒಳಾಂಗಣದಲ್ಲಿ ಸಾಲಾಗಿ ಹಾಸಿದ ಮ್ಯಾಟ್‌ಗಳ ಮೇಲೆ ಏಕಕಾಲಕ್ಕೆ ಹಲವು ಪಂದ್ಯಗಳು ನಡೆಯುತ್ತವೆ. ಹಳ್ಳಿಯ ಸಣ್ಣ ಶಾಲೆಯ ಮಕ್ಕಳು ನಗರದ ದೊಡ್ಡ ಶಾಲೆಯವರ ಜೊತೆ ಸೆಣಸಬೇಕಾಗಿ ಬರಬಾರದೆಂದು, ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ಶಾಲೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದಾರೆ. ಫೈನಲ್‌ಗೆ ಮುನ್ನ ಪದಕ ಗೆಲ್ಲುವ ಹುಡುಗರೆಲ್ಲ ಸಾಲಾಗಿ ಒಳಗೆ ನಡೆದುಬರುತ್ತಾರೆ. ಆ ಮೆರವಣಿಗೆಯನ್ನು ನೋಡಲೆಂದೇ ಅಜ್ಜ ಅಜ್ಜಿಯರೂ ದೂರದೂರುಗಳಿಂದ ಬರುವುದುಂಟು.

ಇಂಥ ಪಂದ್ಯಾವಳಿಗಳಲ್ಲಿ ಗೆದ್ದವರ ಹೆಸರು ದಾಖಲೆ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಜನ ಮಾತ್ರ ವರ್ಷಾನುಗಟ್ಟಲೆ ನೆನೆಸಿಕೊಳ್ಳುವುದು ಬೇರೆಯದೇ ಸಂಗತಿಗಳನ್ನು. ಸೋಲು, ದುಃಖ, ಕೊರತೆ ಎದುರಿಗೆ ಬಂದು ನಿಂತಾಗ ಹದಿನೈದು–ಹದಿನೆಂಟು ವಯಸ್ಸಿನ ಈ ಮಕ್ಕಳು ಹೇಗೆ ನಡೆದುಕೊಂಡರು ಎಂಬುದನ್ನು. ಅಂಥ ಕೆಲವು ಘಟನೆಗಳನ್ನು ನಮ್ಮ ಮಕ್ಕಳೂ ಅವರ ಹೆತ್ತವರೂ ತಿಳಿಯಲೆಂದು ಇಲ್ಲಿ ಆರಿಸಿಕೊಟ್ಟಿದ್ದೇನೆ.

ಮೊದಲು ಆಟದ ಲೆಕ್ಕ

ಅಮೆರಿಕದ ಶಾಲಾ ಕುಸ್ತಿ ಒಲಿಂಪಿಕ್ಸ್ ಕುಸ್ತಿಗಿಂತ ಸ್ವಲ್ಪ ಭಿನ್ನ. ಅದಕ್ಕೆ ‘ಫೋಕ್‌ಸ್ಟೈಲ್’ ಎಂದು ಹೆಸರು. ತಲಾ 2 ನಿಮಿಷದ 3 ಸುತ್ತು, ಒಟ್ಟು 6 ನಿಮಿಷ. ಮೊದಲ ಸುತ್ತಿನಲ್ಲಿ ಇಬ್ಬರೂ ನಿಂತು ಸೆಣಸುತ್ತಾರೆ. ಮುಂದಿನ ಸುತ್ತುಗಳಲ್ಲಿ ಸಾಮಾನ್ಯವಾಗಿ ಒಬ್ಬ ಕೈ–ಮಂಡಿ ಊರಿ ಕೆಳಗಿರುತ್ತಾನೆ, ಇನ್ನೊಬ್ಬ ಹಿಂದಿನಿಂದ ಅವನನ್ನು ಹಿಡಿದಿರುತ್ತಾನೆ. ಕೆಳಗಿದ್ದವನು ಬಿಡಿಸಿಕೊಂಡು ಎದ್ದರೆ 1 ಅಂಕ. ತಿರುಗಿಸಿ ತಾನೇ ಮೇಲೆ ಬಂದರೆ 2 ಅಂಕ. ನಿಂತ ಎದುರಾಳಿಯನ್ನು ಕೆಡವಿ ಹಿಡಿತಕ್ಕೆ ತಂದರೆ ಬಹುಕಾಲ 2 ಅಂಕವಿತ್ತು. 2024–25ರ ಸಾಲಿನಿಂದ ಅದನ್ನು 3 ಮಾಡಿದ್ದಾರೆ. ಎದುರಾಳಿಯ ಎರಡೂ ಹೆಗಲೆಲುಬುಗಳನ್ನು 2 ಸೆಕೆಂಡು ಮ್ಯಾಟಿಗೆ ಒತ್ತಿ ಹಿಡಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ಅವರು ಅದನ್ನು ‘ಪಿನ್’ ಎನ್ನುತ್ತಾರೆ. ನಮ್ಮ ಗರಡಿಯ ಮಾತಿನಲ್ಲಿ ಹೇಳುವುದಾದರೆ ‘ಚಿತ್’.

ಇದರಲ್ಲಿ ಬಲದಷ್ಟೇ ವಿಜ್ಞಾನವೂ ಇದೆ. ವಸ್ತುವಿನ ಗುರುತ್ವ ಕೇಂದ್ರದಿಂದ ನೇರ ಕೆಳಕ್ಕೆ ಎಳೆದ ಗೆರೆ ಅದರ ಆಧಾರ ತಳದೊಳಗೆ ಬೀಳುವ ತನಕ ಆ ವಸ್ತು ಉರುಳುವುದಿಲ್ಲ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಕುಸ್ತಿಪಟು ಮಂಡಿ ಬಗ್ಗಿಸಿ, ಕಾಲು ಅಗಲಿಸಿ ನಿಲ್ಲುವುದು ಇದೇ ಕಾರಣಕ್ಕೆ. ಮಂಡಿ ಬಗ್ಗಿಸಿದರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಕಾಲು ಅಗಲಿಸಿದರೆ ಆಧಾರ ತಳ ಹಿಗ್ಗುತ್ತದೆ. ಎದುರಾಳಿಯ ಒಂದು ಕಾಲನ್ನು ಎತ್ತಿಬಿಟ್ಟರೆ ಅವನ ಆಧಾರ ತಳ ಒಮ್ಮೆಲೇ ಕುಗ್ಗಿ, ಅವನು ಬೀಳುತ್ತಾನೆ. ಈ ತತ್ವ ನೆನಪಿರಲಿ. ಮುಂದೆ ಒಂಟಿ ಕಾಲಿನ ಹುಡುಗನೊಬ್ಬನ ಕಥೆಯಲ್ಲಿ ಇದು ಬೇಕಾಗುತ್ತದೆ.

ಅಕ್ಕನ ಕೋಣೆಯಲ್ಲಿ ಮಲಗಿದ ಹುಡುಗ

ಅಯೋವಾದ ವಾಟರ್‌ಲೂ ನಗರದ ಡ್ಯಾನ್ ಗೇಬಲ್ 1964ರಲ್ಲಿ ಮೊದಲ ಬಾರಿಗೆ ರಾಜ್ಯ ಚಾಂಪಿಯನ್ ಆದ. ಆಗ ಅವನಿಗೆ 15 ವರ್ಷ. ಗೆಲುವಿನ ಸಂಭ್ರಮ ಆರುವ ಮೊದಲೇ, ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ, ಮನೆಯಲ್ಲಿ ಒಬ್ಬಳೇ ಇದ್ದ ಅವನ 19 ವರ್ಷದ ಅಕ್ಕ ಡಯಾನ್ ಕೊಲೆಯಾದಳು. ಅಪ್ಪ, ಅಮ್ಮ ಮತ್ತು ಡ್ಯಾನ್ ಆಗ ಮೀನು ಹಿಡಿಯಲು ಬೇರೆ ಊರಿಗೆ ಹೋಗಿದ್ದರು.

ಹೆತ್ತವರಿಗೆ ಆ ಮನೆಯೊಳಗೆ ಕಾಲಿಡುವುದೇ ಕಷ್ಟವಾಯಿತು. ಮನೆಯನ್ನೇ ಬಿಟ್ಟುಬಿಡುವ ಮಾತು ಬಂತು. ಆಗ ಡ್ಯಾನ್ ಅವರನ್ನು ತಡೆದ. ತನ್ನ ಹಾಸಿಗೆಯನ್ನು ಅಕ್ಕನ ಕೋಣೆಗೆ ಬದಲಾಯಿಸಿಕೊಂಡ. ಮನೆಯಲ್ಲಿ ಉಳಿದ ಏಕೈಕ ಮಗು ತಾನು, ಇನ್ನು ಅಪ್ಪ ಅಮ್ಮನಿಗೆ ಎದುರುನೋಡಲು ಏನಾದರೂ ಇರಬೇಕು ಎಂದು ಅವನಿಗನ್ನಿಸಿತು. ಅವನ ಬಳಿ ಇದ್ದದ್ದು ಕುಸ್ತಿಯೊಂದೇ. 1965ರಲ್ಲಿ ಮತ್ತೆ ರಾಜ್ಯ ಚಾಂಪಿಯನ್. 1966ರಲ್ಲಿ ಮೂರನೆಯ ಬಾರಿ. ಹೈಸ್ಕೂಲಿನಲ್ಲಿ ಅವನು ಆಡಿದ್ದು 64 ಪಂದ್ಯ, ಗೆದ್ದದ್ದು 64.

ಗೇಬಲ್ ಕಥೆ ಇಲ್ಲಿಗೇ ನಿಂತಿದ್ದರೆ ಅದು ಬರೀ ಗೆಲುವಿನ ಕಥೆಯಾಗುತ್ತಿತ್ತು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲೂ ಅವನ ಗೆಲುವು ಮುಂದುವರಿದು, ಶಾಲೆ–ಕಾಲೇಜು ಸೇರಿ ಸತತ 181 ಪಂದ್ಯಗಳಾದವು. 1970ರಲ್ಲಿ ಕಾಲೇಜಿನ ಕಟ್ಟಕಡೆಯ ಪಂದ್ಯ, ರಾಷ್ಟ್ರೀಯ ಫೈನಲ್. ಎದುರಾಳಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್. ಅಂಕ 13–11. ಗೇಬಲ್ ಸೋತ!

ಏಳು ವರ್ಷ ಸೋಲೇ ಕಾಣದವನಿಗೆ ಇಡೀ ದೇಶದ ಕಣ್ಣೆದುರು ಬಂದ ಸೋಲು ಅದು. ಅದನ್ನು ಅವನು ಮರೆಯಲೂ ಇಲ್ಲ, ಮುಚ್ಚಿಡಲೂ ಇಲ್ಲ. ಆ ಸೋಲೇ ತನ್ನನ್ನು ತಿದ್ದಿತು ಎಂದು ಅವನು ಮುಂದೆ ಹೇಳಿದ್ದುಂಟು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆರು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದ. ಆಮೇಲೆ ಅಯೋವಾ ವಿಶ್ವವಿದ್ಯಾಲಯದ ಕೋಚ್ ಆಗಿ ತನ್ನ ತಂಡಕ್ಕೆ 15 ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟ.

ಒಂದೇ ಕಾಲು, ಮೂರು ಆಧಾರ

ಆಂಥನಿ ರೋಬ್ಲಸ್ ಹುಟ್ಟಿದ್ದು 1988ರಲ್ಲಿ, ಬಲಗಾಲು ಇಲ್ಲದೆ. ಎಳವೆಯಲ್ಲಿ ಕೃತಕ ಕಾಲು ಹಾಕಿದರೆ ಕಿತ್ತೆಸೆದು ಒಂಟಿ ಕಾಲಿನಲ್ಲೇ ಕುಪ್ಪಳಿಸುತ್ತಿದ್ದ. ಅರಿಜೋನಾ ರಾಜ್ಯದ ಮೇಸಾ ಹೈಸ್ಕೂಲಿನಲ್ಲಿ ಕುಸ್ತಿಗೆ ಸೇರಿದಾಗ ಅವನು ತೀರ ಸಣಕಲ. ಮೊದಲ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ನೋಡಿದವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣಿಸಿರಲಾರದು.

ಈಗ ಮೇಲೆ ಹೇಳಿದ ತತ್ವವನ್ನು ನೆನಪಿಸಿಕೊಳ್ಳಿ. ಒಂಟಿ ಕಾಲಿನ ಮೇಲೆ ನಿಂತರೆ ಆಧಾರ ತಳ ಒಂದೇ ಪಾದದಷ್ಟು. ಯಾರಾದರೂ ಕೆಡವಿಯಾರು. ಆದರೆ ಕೆಳಗೆ ಬಗ್ಗಿ ಎರಡು ಕೈ, ಒಂದು ಕಾಲನ್ನು ಊರಿದರೆ? ಮೂರು ಬಿಂದುಗಳ ತ್ರಿಕೋನವಾಯಿತು. ಮೂರು ಕಾಲಿನ ಮಣೆ ಎಂಥ ಒರಟು ನೆಲದ ಮೇಲೂ ಅಲುಗದೆ ಕೂರುತ್ತದಲ್ಲ, ಹಾಗೆ. ಜೊತೆಗೆ ಗುರುತ್ವ ಕೇಂದ್ರವೂ ನೆಲಕ್ಕೆ ಹತ್ತಿರ. ಎದುರಾಳಿ ಹಿಡಿಯಲು ಇನ್ನೊಂದು ಕಾಲೇ ಇಲ್ಲ! ಮನುಷ್ಯನ ಒಂದು ಕಾಲು ದೇಹದ ತೂಕದ ಸುಮಾರು ಆರನೇ ಒಂದು ಭಾಗ. ಆ ತೂಕ ಇಲ್ಲದ ಕಾರಣ ಅದೇ ತೂಕದ ವರ್ಗದ ಇತರರಿಗಿಂತ ಅವನ ತೋಳು, ಎದೆ, ಬೆನ್ನಿನಲ್ಲಿ ಹೆಚ್ಚು ಸ್ನಾಯು ಇರಲು ಸಾಧ್ಯವಾಯಿತು. ವರ್ಷಗಟ್ಟಲೆ ಊರುಗೋಲು ಹಿಡಿದು ನಡೆದ ಕೈಗಳ ಹಿಡಿತವಂತೂ ಉಡದ ಹಿಡಿತ.

ಇದು ಓದಲು ಸುಲಭ. ಕೊರತೆಯ ಸುತ್ತ ಹೊಸದೊಂದು ವರಸೆಯನ್ನೇ ಕಟ್ಟಿಕೊಳ್ಳಲು ಅವನಿಗೂ ಅವನ ಕೋಚ್‌ಗಳಿಗೂ ವರ್ಷಗಳೇ ಹಿಡಿದವು. ಇತರರು ಕಾಲಿನಿಂದ ಹಾಕುವ ಪಟ್ಟುಗಳನ್ನೆಲ್ಲ ಅವನು ಕೈಯಿಂದ ಸಾಧಿಸಬೇಕಿತ್ತು. ಫಲ ಏನಾಯಿತು ಗೊತ್ತೇ? ಹೈಸ್ಕೂಲಿನ ಕೊನೆಯ ಎರಡು ವರ್ಷ ಆಡಿದ 96 ಪಂದ್ಯಗಳಲ್ಲಿ 96ನ್ನೂ ಗೆದ್ದು, ಎರಡು ಬಾರಿ ಅರಿಜೋನಾದ ರಾಜ್ಯ ಚಾಂಪಿಯನ್ ಆದ. ಹಾಗಿದ್ದರೂ ದೊಡ್ಡ ಹೆಸರಿನ ಕುಸ್ತಿ ಕಾಲೇಜುಗಳು ಅವನತ್ತ ಹೆಚ್ಚು ಗಮನ ಕೊಡಲಿಲ್ಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ರೋಬ್ಲಸ್, 2011ರಲ್ಲಿ ಫಿಲಡೆಲ್ಫಿಯಾದಲ್ಲಿ 125 ಪೌಂಡ್, ಅಂದರೆ ಸುಮಾರು 56.7 ಕಿಲೋ ವರ್ಗದ ರಾಷ್ಟ್ರೀಯ ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ನನನ್ನು 7–1ರಿಂದ ಸೋಲಿಸಿದ. ಅವನ ಬದುಕನ್ನು ಕುರಿತ ‘ಅನ್‌ಸ್ಟಾಪಬಲ್’ ಚಲನಚಿತ್ರ 2024ರಲ್ಲಿ ಬಂದಿದೆ.

ಹುಡುಗಿಯರು ಮ್ಯಾಟಿಗೆ ಇಳಿದಾಗ

ಹುಡುಗಿಯರಿಗೆ ಪ್ರತ್ಯೇಕ ರಾಜ್ಯ ಕುಸ್ತಿ ಪಂದ್ಯಾವಳಿ ಏರ್ಪಡಿಸಿದ ಮೊದಲಿಗರಲ್ಲಿ ಹವಾಯಿ ಒಂದು, ಅದು 1998ರಲ್ಲಿ. ಉಳಿದ ಹೆಚ್ಚಿನ ರಾಜ್ಯಗಳಲ್ಲಿ ಕುಸ್ತಿ ಆಡಬೇಕೆಂಬ ಹುಡುಗಿ ಹುಡುಗರ ತಂಡಕ್ಕೇ ಸೇರಿ, ಹುಡುಗರೊಂದಿಗೇ ಸೆಣಸಬೇಕಿತ್ತು. 2006ರಲ್ಲಿ ಅಲಾಸ್ಕದ ರಾಜ್ಯ ಪಂದ್ಯಾವಳಿಯಲ್ಲಿ ಮಿಕೇಲಾ ಹಚಿಸನ್ 103 ಪೌಂಡ್, ಅಂದರೆ ಸುಮಾರು 46.7 ಕಿಲೋ ವರ್ಗದ ಫೈನಲ್ ತಲುಪಿದಳು. ಎದುರಾಳಿ ಒಬ್ಬ ಹುಡುಗ. ಕೊನೆಯ ಸುತ್ತಿನ ಕೆಲವೇ ಸೆಕೆಂಡು ಉಳಿದಿರುವವರೆಗೂ ಅಂಕ 0–0. ಅಷ್ಟರಲ್ಲಿ ಕೆಳಗಿದ್ದ ಮಿಕೇಲಾ ಹಿಡಿತ ಬಿಡಿಸಿಕೊಂಡು ಎದ್ದು ನಿಂತಳು. ಅಂಕ 1–0! ಹುಡುಗರೊಂದಿಗೆ ಸೆಣಸಿ ಹೈಸ್ಕೂಲು ರಾಜ್ಯ ಪ್ರಶಸ್ತಿ ಗೆದ್ದ ಅಮೆರಿಕದ ಮೊದಲ ಹುಡುಗಿ ಅವಳು.

ಐದು ವರ್ಷದ ನಂತರ, 2011ರ ಫೆಬ್ರವರಿಯಲ್ಲಿ, ಅಯೋವಾದಲ್ಲಿ ಇನ್ನೊಂದು ಬಗೆಯ ಪ್ರಸಂಗ ನಡೆಯಿತು. ಆ ರಾಜ್ಯದ ಇತಿಹಾಸದಲ್ಲೇ ಮೊದಲ ಬಾರಿಗೆ ಕ್ಯಾಸಿ ಹರ್ಕೆಲ್ಮನ್ ಮತ್ತು ಮೇಗನ್ ಬ್ಲ್ಯಾಕ್ ಎಂಬ ಇಬ್ಬರು ಹುಡುಗಿಯರು ರಾಜ್ಯ ಪಂದ್ಯಾವಳಿಗೆ ಅರ್ಹತೆ ಪಡೆದಿದ್ದರು. 112 ಪೌಂಡ್ ವರ್ಗದಲ್ಲಿ ಕ್ಯಾಸಿಗೆ ಎದುರಾಳಿಯಾಗಿ ಬಂದವನು ಜೋಯಲ್ ನಾರ್ಥ್‌ರಪ್. ಆ ಸಾಲಿನಲ್ಲಿ 35 ಪಂದ್ಯ ಗೆದ್ದು, ನಾಲ್ಕರಲ್ಲಿ ಮಾತ್ರ ಸೋತಿದ್ದ ಹುಡುಗ. ಪದಕ ಗೆಲ್ಲುವನೆಂದು ಎಲ್ಲರೂ ಎಣಿಸಿದ್ದವನು. ಅವನು ಮ್ಯಾಟಿಗೆ ಇಳಿಯಲಿಲ್ಲ. ಹುಡುಗಿಯೊಬ್ಬಳ ಜೊತೆ ಕುಸ್ತಿಯಾಡುವುದು ತನ್ನ ಧರ್ಮಶ್ರದ್ಧೆಗೆ ಒಪ್ಪುವುದಿಲ್ಲ, ಆದರೆ ಆ ಇಬ್ಬರು ಹುಡುಗಿಯರ ಸಾಧನೆಯನ್ನು ಗೌರವಿಸುತ್ತೇನೆ ಎಂದು ಹೇಳಿಕೆ ಕೊಟ್ಟು ಪಂದ್ಯ ಬಿಟ್ಟುಕೊಟ್ಟ. ರೆಫ್ರಿ ಕ್ಯಾಸಿಯ ಕೈ ಎತ್ತಿದರು. ಅಯೋವಾ ರಾಜ್ಯ ಪಂದ್ಯಾವಳಿಯಲ್ಲಿ ಹುಡುಗಿಯೊಬ್ಬಳಿಗೆ ದೊರೆತ ಮೊದಲ ಗೆಲುವು, ಒಂದು ಪಟ್ಟೂ ಹಾಕದೆ ಬಂತು.

ಮರುದಿನದಿಂದ ದೇಶದಾದ್ಯಂತ ಚರ್ಚೆ. ಕೈಗೆ ಬರಲಿದ್ದ ಪದಕವನ್ನು ನಂಬಿಕೆಗಾಗಿ ಬಿಟ್ಟ ಹುಡುಗ ಎಂದು ಕೆಲವರು ಹೊಗಳಿದರು. ಅಷ್ಟು ಬೆವರು ಸುರಿಸಿ ಬಂದ ಹುಡುಗಿಗೆ ಆಡುವ ಅವಕಾಶ ಕೊಡದಿರುವುದು ಎಂಥ ಗೌರವ ಎಂದು ಕೆಲವರು ಕೇಳಿದರು. ಎರಡೂ ಪ್ರಶ್ನೆಗಳಲ್ಲಿ ತಿರುಳಿದೆ. ಓದುಗರು ಮನೆಯಲ್ಲಿ ಮಕ್ಕಳೊಂದಿಗೆ ಕೂತು ಚರ್ಚಿಸಬಹುದಾದ ವಿಷಯ ಇದು. ನನಗೆ ಮೆಚ್ಚಿಗೆಯಾದದ್ದು ಎರಡು ಮನೆಯವರ ನಡವಳಿಕೆ. ಹೊರಗೆ ಇಷ್ಟೆಲ್ಲ ಗದ್ದಲವಿದ್ದರೂ ಕ್ಯಾಸಿಯ ತಂದೆ ಆ ಹುಡುಗನ ನಿರ್ಧಾರದ ಬಗ್ಗೆ ಗೌರವದಿಂದಲೇ ಮಾತಾಡಿದರು. ಹುಡುಗನೂ ಆಕೆಯನ್ನು ಕೀಳಾಗಿ ಕಾಣಲಿಲ್ಲ. ಭಿನ್ನಾಭಿಪ್ರಾಯವಿದ್ದಾಗಲೂ ಮಾತು ಹೇಗಿರಬೇಕೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಆ ಪ್ರಶ್ನೆಗೆ ಕಾಲವೇ ಒಂದು ಉತ್ತರ ಹುಡುಕಿತು. 2023ರಲ್ಲಿ ಅಯೋವಾದಲ್ಲಿ ಹುಡುಗಿಯರದೇ ಅಧಿಕೃತ ರಾಜ್ಯ ಕುಸ್ತಿ ಪಂದ್ಯಾವಳಿ ಕೋರಲ್‌ವಿಲ್‌ನಲ್ಲಿ ಮೊದಲ ಬಾರಿಗೆ ನಡೆಯಿತು. ಈಗ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇಂಥ ಏರ್ಪಾಡಿದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದದ್ದನ್ನು ಕಂಡ ನಮಗೆ, ಹೆಣ್ಣುಮಕ್ಕಳಿಗೆ ಅಖಾಡದ ಬಾಗಿಲು ತೆರೆಯುವುದೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ತಕ್ಕಡಿಯ ಮುಂದೆ

ಈ ಆಟಕ್ಕೆ ಒಂದು ಕರಾಳ ಮುಖವೂ ಇದೆ. ಹೆತ್ತವರು ಇದನ್ನು ತಿಳಿದಿರಲೇಬೇಕು. ಕುಸ್ತಿಯಲ್ಲಿ ತೂಕದ ವರ್ಗಗಳಿವೆಯಷ್ಟೆ. ಕೆಳಗಿನ ವರ್ಗದಲ್ಲಿ ಆಡಿದರೆ ಗೆಲುವು ಸುಲಭ ಎಂದು, ಪಂದ್ಯಕ್ಕೆ ಮುನ್ನ ನಾಲ್ಕಾರು ದಿನದಲ್ಲಿ ಅನ್ನ ನೀರು ಬಿಟ್ಟು ತೂಕ ಇಳಿಸುವ ಚಾಳಿ ಬಹುಕಾಲದಿಂದ ಇತ್ತು. ರಬ್ಬರಿನ ಉಡುಪು ತೊಟ್ಟು, ಬಿಸಿ ಕೋಣೆಯಲ್ಲಿ ಓಡಿ ಬೆವರು ಹರಿಸುವುದು, ತಿಂದದ್ದನ್ನು ಕಾರಿಕೊಳ್ಳುವುದು, ಹೀಗೆ.

ಇಲ್ಲಿ ದೇಹದೊಳಗೆ ಏನಾಗುತ್ತದೆ ನೋಡಿ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖವನ್ನು ದೇಹದಿಂದ ಒಯ್ಯುತ್ತದೆ. ನಮ್ಮ ಮೈ ತಣ್ಣಗಾಗುವ ಮುಖ್ಯ ಉಪಾಯವೇ ಅದು. ರಬ್ಬರಿನ ಉಡುಪಿನೊಳಗೆ ಬೆವರು ಸುರಿಯುತ್ತದೆ, ಆವಿಯಾಗುವುದಿಲ್ಲ. ನೀರೂ ಹೋಯಿತು, ಮೈಯೂ ತಣಿಯಲಿಲ್ಲ. ರಕ್ತದ ಪ್ರಮಾಣ ಕುಗ್ಗುತ್ತದೆ, ಹೃದಯ ವೇಗವಾಗಿ ಬಡಿದುಕೊಳ್ಳುತ್ತದೆ, ಮೂತ್ರಪಿಂಡ ಸೋಲುತ್ತದೆ, ಮೈಯ ಉಷ್ಣತೆ ಏರುತ್ತಲೇ ಹೋಗುತ್ತದೆ. 1997ರ ನವೆಂಬರ್–ಡಿಸೆಂಬರ್‌ನಲ್ಲಿ ಸುಮಾರು ಒಂದು ತಿಂಗಳ ಅವಧಿಯೊಳಗೆ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು.

ಆಮೇಲೆ ನಿಯಮಗಳು ಬಿಗಿಯಾದವು. ಕಾಲೇಜುಗಳಲ್ಲಿ ರಬ್ಬರಿನ ಉಡುಪು, ಬಿಸಿ ಕೋಣೆಗಳಿಗೆ ನಿಷೇಧ ಬಂತು. ವಿಸ್ಕಾನ್ಸಿನ್ ರಾಜ್ಯದ ಹೈಸ್ಕೂಲುಗಳು 1989ರಲ್ಲೇ ಕನಿಷ್ಠ ತೂಕ ನಿಗದಿಪಡಿಸುವ ಪ್ರಯೋಗ ಆರಂಭಿಸಿದ್ದವು. 2006–07ರ ಸಾಲಿನಿಂದ ದೇಶದ ಹೈಸ್ಕೂಲು ನಿಯಮಾವಳಿಯಲ್ಲೇ ಇಂಥ ಕ್ರಮ ಸೇರಿತು. ಅದರಂತೆ ಸಾಲಿನ ಆರಂಭದಲ್ಲೇ ಪ್ರತಿ ವಿದ್ಯಾರ್ಥಿಯ ಮೂತ್ರದ ಸಾಪೇಕ್ಷ ಸಾಂದ್ರತೆಯನ್ನು ಅಳೆಯುತ್ತಾರೆ. ಅದು 1.025 ಮೀರಿದ್ದರೆ ಮೈಯಲ್ಲಿ ನೀರು ಸಾಲದೆಂದು ಅರ್ಥ. ಅವತ್ತು ಮುಂದಿನ ತಪಾಸಣೆಯೇ ಇಲ್ಲ. ಶುದ್ಧ ನೀರಿನ ಸಾಂದ್ರತೆಯೊಂದಿಗೆ ಹೋಲಿಸುವ ಈ ಅಂಕಿ ಪ್ರಯೋಗಾಲಯದಲ್ಲಿ ಅಳೆಯುವ ಒಣ ಲೆಕ್ಕವೆಂದು ಭಾವಿಸಿದ ವಿದ್ಯಾರ್ಥಿಗಳೇ, ಅದು ಜೀವ ಉಳಿಸುವುದೂ ಹೀಗೆ! ನೀರಿನ ಮಟ್ಟ ಸರಿಯಿದ್ದರೆ ಕೊಬ್ಬಿನ ಪ್ರಮಾಣ ಅಳೆಯುತ್ತಾರೆ. ಹುಡುಗರಲ್ಲಿ ಶೇಕಡಾ 7ಕ್ಕಿಂತ, ಹುಡುಗಿಯರಲ್ಲಿ ಶೇಕಡಾ 12ಕ್ಕಿಂತ ಕೆಳಗಿಳಿಯುವಂತೆ ತೂಕ ಇಳಿಸಬಾರದು. ಇಳಿಸುವುದಾದರೂ ವಾರಕ್ಕೆ ದೇಹತೂಕದ ಶೇಕಡಾ 1.5ಕ್ಕಿಂತ ಹೆಚ್ಚಿಲ್ಲ. 54 ಕಿಲೋ ತೂಗುವ ಹುಡುಗನಿಗೆ ಅದು ವಾರಕ್ಕೆ ಸುಮಾರು 800 ಗ್ರಾಂ ಮಾತ್ರ.

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ವಿನೇಶ್ ಫೋಗಟ್ ಕೇವಲ 100 ಗ್ರಾಂ ಹೆಚ್ಚಿದ್ದಕ್ಕೆ 50 ಕಿಲೋ ವರ್ಗದ ಫೈನಲ್‌ನಿಂದ ಅನರ್ಹಗೊಂಡದ್ದು ಎಲ್ಲರಿಗೂ ನೆನಪಿರಬೇಕು. ಮುನ್ನಾದಿನ ಮೂರು ಪಂದ್ಯ ಗೆದ್ದಿದ್ದ ಆಕೆ ರಾತ್ರಿಯಿಡೀ ತೂಕ ಇಳಿಸಲು ಹೆಣಗಿದ್ದರು. ತಕ್ಕಡಿ ಯಾರ ಮುಖವನ್ನೂ ನೋಡುವುದಿಲ್ಲ. ಅದರ ಮುಂದೆ ಎಳೆಯ ದೇಹಗಳನ್ನು ನಿಲ್ಲಿಸುವಾಗ ದೊಡ್ಡವರು ಎಚ್ಚರದಿಂದಿರಬೇಕು.

ಸೋತವನು ನಡೆದು ಹೋದ ದಿಕ್ಕು

2014ರ ಮಾರ್ಚ್ 1. ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ರಾಜ್ಯ ಪಂದ್ಯಾವಳಿಯ ಫೈನಲ್. 120 ಪೌಂಡ್, ಅಂದರೆ ಸುಮಾರು 54.4 ಕಿಲೋ ವರ್ಗದಲ್ಲಿ ಬ್ಲೇನ್ ಶಾಲೆಯ ಮಲಿಕ್ ಸ್ಟೂವರ್ಟ್ ಮತ್ತು ಸೇಂಟ್ ಮೈಕೆಲ್–ಆಲ್ಬರ್ಟ್‌ವಿಲ್ ಶಾಲೆಯ ಮಿಚೆಲ್ ಮೆಕೀ ಎದುರಾಳಿಗಳು. ಮಿಚೆಲ್‌ನ ತಂದೆಗೆ ಕ್ಯಾನ್ಸರ್. ಬದುಕುಳಿಯುವ ಭರವಸೆ ಇಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಮಗ ರಾಜ್ಯ ಚಾಂಪಿಯನ್ ಆಗುವುದನ್ನು ಕಣ್ಣಾರೆ ಕಾಣಬೇಕೆಂದು ಅವರು ಅಂಚಿನಲ್ಲಿ ಕೂತಿದ್ದರು. ಮಿಚೆಲ್ ಮೊದಲ ಸುತ್ತಿನಲ್ಲೇ ಮಲಿಕ್‌ನನ್ನು ಚಿತ್ ಮಾಡಿದ.

ಕುಸ್ತಿಯಲ್ಲಿ ಸೋಲನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕ್ರಿಕೆಟ್ಟಿನಲ್ಲಾದರೆ ಇನ್ನೂ ಹತ್ತು ಜನ ಇರುತ್ತಾರೆ. ಇಲ್ಲಿ ಸಾವಿರಾರು ಕಣ್ಣುಗಳ ಮುಂದೆ ಅಂಗಾತ ಬಿದ್ದವನು ಒಬ್ಬನೇ. ಅಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಸರಸರನೆ ಒಳಕೋಣೆ ಸೇರುವುದು ಸಹಜ. ಮಲಿಕ್ ಹಾಗೆ ಮಾಡಲಿಲ್ಲ. ಗೆದ್ದವನ ಕೈ ಕುಲುಕಿ, ಅವನನ್ನು ಅಪ್ಪಿಕೊಂಡ. ಆಮೇಲೆ ನೇರವಾಗಿ ಮಿಚೆಲ್‌ನ ತಂದೆ ಕೂತಿದ್ದಲ್ಲಿಗೆ ನಡೆದು, ಅವರನ್ನು ತಬ್ಬಿಕೊಂಡು ಧೈರ್ಯ ಹೇಳಿದ. ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕಾರಣ ಆಮೇಲೆ ತಿಳಿಯಿತು. ಮಲಿಕ್ ಏಳು ವರ್ಷದವನಿದ್ದಾಗ ಅವನ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಎದುರಿಗಿರುವ ಹುಡುಗ ಯಾವುದನ್ನು ಕಳೆದುಕೊಳ್ಳಲಿದ್ದಾನೆ ಎಂಬುದು ಆ ಕ್ರೀಡಾಂಗಣದಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಆ ವರ್ಷದ 120 ಪೌಂಡ್ ಚಾಂಪಿಯನ್ ಯಾರೆಂದು ದಾಖಲೆ ನೋಡಿ ಹೇಳಬಹುದು. ಸೋತ ಹುಡುಗ ಯಾವ ದಿಕ್ಕಿಗೆ ನಡೆದು ಹೋದ ಎಂಬುದನ್ನು ಅಲ್ಲಿದ್ದವರಿಗೆ ಯಾವ ದಾಖಲೆಯೂ ನೆನಪಿಸಬೇಕಿಲ್ಲ.

ಸೋತ ಮೇಲೂ ಪಂದ್ಯವಿದೆ

ಈ ಪಂದ್ಯಾವಳಿಗಳ ಒಂದು ಏರ್ಪಾಡು ನಮ್ಮ ಹೆತ್ತವರು ಗಮನಿಸಬೇಕಾದದ್ದು. ಒಮ್ಮೆ ಸೋತವನನ್ನು ಸಾಮಾನ್ಯವಾಗಿ ನೇರ ಮನೆಗೆ ಕಳಿಸುವುದಿಲ್ಲ. ಸೋತವರಿಗಾಗಿ ಇನ್ನೊಂದು ಸಾಲಿನ ಪಂದ್ಯಗಳಿರುತ್ತವೆ. ಅಲ್ಲಿ ಗೆಲ್ಲುತ್ತಾ ಹೋದವನು ಚಾಂಪಿಯನ್ ಆಗಲಾರ, ಆದರೆ ಮೂರನೆಯ ಸ್ಥಾನದವರೆಗೂ ಏರಬಹುದು. ಅಯೋವಾದಲ್ಲಿ ಮೊದಲ 8 ಸ್ಥಾನಗಳಿಗೆ ಪದಕ ಉಂಟು. ಬೆಳಿಗ್ಗೆ ಚಿನ್ನದ ಕನಸು ಒಡೆದ ಹುಡುಗ, ಮುಖ ತೊಳೆದುಕೊಂಡು, ಅದೇ ದಿನವೋ ಮರುದಿನವೋ ಮತ್ತೆ ಮ್ಯಾಟಿಗೆ ಬರಬೇಕು. ಚಿನ್ನ ಗೆಲ್ಲುವುದಕ್ಕಿಂತ ಹೀಗೆ ಮೂರನೆಯ ಸ್ಥಾನ ಗೆಲ್ಲುವುದೇ ಕಷ್ಟ ಎಂದು ಅಲ್ಲಿನ ಕೋಚ್‌ಗಳು ಹೇಳುವುದುಂಟು.

2011ರಲ್ಲಿ ಕ್ಯಾಸಿಯ ಜೊತೆ ಬಂದಿದ್ದ ಮೇಗನ್ ಬ್ಲ್ಯಾಕ್ ನೆನಪಿದ್ದಾಳಲ್ಲ? ಆ ವರ್ಷ ಅವಳು ಎರಡೂ ಪಂದ್ಯ ಸೋತಳು. ಪತ್ರಿಕೆಗಳ ಗಮನವೆಲ್ಲ ಕ್ಯಾಸಿಯ ಕಡೆಗಿದ್ದಾಗ ಮೇಗನ್ ಸದ್ದಿಲ್ಲದೆ ಊರಿಗೆ ಮರಳಿದಳು. 2012ರಲ್ಲಿ ಮತ್ತೆ ಬಂದಳು. ಎಂಟನೆಯ ಸ್ಥಾನ! ಹುಡುಗರ ನಡುವೆ ಸೆಣಸಿ ಅಯೋವಾ ರಾಜ್ಯ ಪಂದ್ಯಾವಳಿಯಲ್ಲಿ ಪದಕದ ಸ್ಥಾನ ಗಿಟ್ಟಿಸಿದ ಮೊದಲ ಹುಡುಗಿ ಅವಳೇ. ಎಂಟನೆಯ ಸ್ಥಾನಕ್ಕೂ ಇತಿಹಾಸದಲ್ಲಿ ಒಂದು ಸಾಲು ಇದೆ ಎಂದಾಯಿತು.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ದಿನ ಎಷ್ಟು ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ! ಒಂದು ವಿಷಯದಲ್ಲಿ ನಪಾಸಾದರೆ ಲೋಕವೇ ಮುಳುಗಿತೆಂದು ಮಕ್ಕಳೂ ನಂಬುತ್ತಾರೆ, ದೊಡ್ಡವರೂ ನಂಬಿಸುತ್ತಾರೆ. ಮತ್ತೊಮ್ಮೆ ಪರೀಕ್ಷೆ ಬರೆಯುವ ಅವಕಾಶ ಇದ್ದೇ ಇದೆ. ಅದನ್ನು ಅವಮಾನವೆಂದು ನೋಡುವವರು ನಾವು, ಪರೀಕ್ಷಾ ಮಂಡಳಿಯಲ್ಲ. ಮೂವತ್ತು ವರ್ಷಗಳ ಪಾಠದ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಎರಡನೆಯ ಸಲ ಬರೆದು ಪಾಸಾದ ಮಕ್ಕಳಲ್ಲಿ ಅನೇಕರು, ಸೋಲೇ ಕಾಣದೆ ಮುಂದೆ ಹೋದವರಿಗಿಂತ ಗಟ್ಟಿಯಾಗಿ ಬದುಕು ಕಟ್ಟಿಕೊಂಡದ್ದನ್ನು ಕಂಡಿದ್ದೇನೆ. ಫಲಿತಾಂಶದ ದಿನ ಮಗು ಮನೆಗೆ ಬಂದಾಗ ಮೊದಲು ಊಟ ಬಡಿಸಿ. ಅಂಕದ ಮಾತು ಆಮೇಲೆ ಆಡಬಹುದು.

ಅಮೆರಿಕದ ಶಾಲಾ ಕುಸ್ತಿಯಲ್ಲಿ ಒಂದು ಪದ್ಧತಿ ಇದೆ. ಆರು ನಿಮಿಷದ ಸೆಣಸಾಟ ಮುಗಿದ ಮೇಲೆ, ರೆಫ್ರಿ ಗೆದ್ದವನ ಕೈ ಎತ್ತುವ ಮೊದಲು ಇಬ್ಬರೂ ಪರಸ್ಪರ ಕೈ ಕುಲುಕಲೇಬೇಕು. ಆಮೇಲೆ ಹಲವರು ಎದುರಾಳಿಯ ಕೋಚ್ ಇದ್ದಲ್ಲಿಗೂ ಹೋಗಿ ಕೈ ಕುಲುಕಿ ಬರುತ್ತಾರೆ. ಗೆದ್ದವನಿಗೆ ಅದು ನಾಲ್ಕೇ ಹೆಜ್ಜೆಯ ದಾರಿ. ಸೋತವನಿಗೆ ಅಷ್ಟೇ ದಾರಿ ಬಹಳ ಉದ್ದ. ಅದನ್ನು ತಲೆಯೆತ್ತಿ ನಡೆಯುವುದನ್ನು ಕಲಿತ ಮಗುವಿಗೆ ಮುಂದೆ ಯಾವ ಪರೀಕ್ಷೆಯ ಭಯವೂ ಹೆಚ್ಚು ಕಾಲ ಕಾಡದು.